ಮುಂಭಾರ, ಹಿಂಭಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತಾರು ವರ್ಷಗಳಿಂದ ನಂಜನಗೂಡಿನ ಹೈಸ್ಕೂಲೊಂದರಲ್ಲಿ ಸನ್ನೆಗೋಲಿನ ಪಾಠ ಮಾಡುತ್ತಿರುವ ನನಗೆ, ಒಂದು ಅಕ್ಕಿ ಚೀಲವನ್ನು ಎಲ್ಲಿ ಇಡಬೇಕು ಎಂಬುದು ಹೋದ ವರ್ಷದವರೆಗೂ ಗೊತ್ತಿರಲಿಲ್ಲ. ಕಪ್ಪು ಹಲಗೆಯ ಮೇಲೆ ಉದ್ದಕ್ಕೊಂದು ಗೆರೆ ಎಳೆದು, ಅದರಡಿ ತ್ರಿಕೋನ ಬರೆದು, ಈ ಕಡೆ ಭಾರ, ಆ ಕಡೆ ಬಲ, ನಡುವೆ ಆಧಾರ ಬಿಂದು ಎಂದು ನಾನು ಹೇಳಿಕೊಟ್ಟ ಮಕ್ಕಳಲ್ಲಿ ಕೆಲವರು ಈಗ ಎಂಜಿನಿಯರುಗಳು. ಅವರು ಕಟ್ಟಿದ ಸೇತುವೆಗಳು ಗಟ್ಟಿಯಾಗಿ ನಿಂತಿವೆಯಂತೆ. ಅವರ ಮೇಷ್ಟ್ರು ತುಂಬಿದ ಟ್ರೇಲರ್ ಮಾತ್ರ ರಸ್ತೆಯ ಮೇಲೆ ಹಾವಿನ ಹಾಗೆ ಹೊರಳಾಡಿತು.

ಟ್ರೇಲರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಬೆಟ್ಟದಷ್ಟು ಕಬ್ಬು ಹೊತ್ತು ಬರುವುದನ್ನು ನೆನೆಸಿಕೊಳ್ಳಬೇಡಿ. ನನ್ನದು ಕಾರಿನ ಬೆನ್ನಿಗೆ ಸಿಕ್ಕಿಸಿಕೊಂಡು ಹೋಗುವ ಎರಡು ಚಕ್ರದ ಪೆಟ್ಟಿಗೆ. ಮುಚ್ಚಳ ತೆಗೆದು ಕಂಬಿಗಳನ್ನು ಎಳೆದರೆ ಒಳಗಿನಿಂದ ಡೇರೆಯೊಂದು ಕೊಡೆಯ ಹಾಗೆ ಬಿಚ್ಚಿಕೊಂಡು ನಿಲ್ಲುತ್ತದೆ. ಇಬ್ಬರು ಮಲಗಬಹುದು, ಮೂರನೆಯವರು ಬಂದರೆ ಜಗಳ. ಮೈಸೂರಿನ ನಿವೃತ್ತ ಎಂಜಿನಿಯರೊಬ್ಬರು ತಮಗೆಂದು ಮಾಡಿಸಿಕೊಂಡದ್ದನ್ನು ಮಂಡಿನೋವು ಶುರುವಾದ ಮೇಲೆ ನನಗೆ ದಾಟಿಸಿದರು. ಜೊತೆಗೆ ತಾವೇ ಟೈಪು ಮಾಡಿದ ಹನ್ನೆರಡು ಪುಟದ ಕೈಪಿಡಿಯನ್ನೂ ಕೊಟ್ಟರು. ನನ್ನ ವಿದ್ಯಾರ್ಥಿಗಳು ಪಠ್ಯಪುಸ್ತಕ ಓದುವ ಹಾಗೆಯೇ ನಾನು ಅದನ್ನು ಓದಿದೆ. ಎಂದರೆ, ತಲೆಬರಹಗಳನ್ನು ಮಾತ್ರ.

ಈ ವಯಸ್ಸಿನಲ್ಲಿ ನಿಮಗೇಕೆ ಕ್ಯಾಂಪಿಂಗ್ ಹುಚ್ಚು ಎಂದು ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆ ನಾನು ಹೇಳುವುದು ಒಂದೇ ಮಾತು. ನಂಜನಗೂಡಿನವನಿಗೆ ಇದು ಹೊಸದಲ್ಲ. ಕಪಿಲಾ ತೀರದಲ್ಲಿ ಬೆಳಗ್ಗೆ ಒಂದು ಸುತ್ತು ಹಾಕಿ ನೋಡಿ. ಎಲ್ಲೆಲ್ಲಿಂದಲೋ ಬಂದ ಸಂಸಾರಗಳು ಮೂರು ಕಲ್ಲು ಹೂಡಿ, ಸೌದೆ ಹಚ್ಚಿ, ಅನ್ನಕ್ಕಿಟ್ಟು, ನೀರಲ್ಲಿ ಮುಳುಗಿ ಎದ್ದು, ಒದ್ದೆ ಸೀರೆಯನ್ನು ಕಲ್ಲಿನ ಮೇಲೆ ಹರವಿ, ಉಂಡು, ಅಲ್ಲೇ ಉರುಳಿಕೊಂಡು, ಸಂಜೆಗೆ ಎದ್ದು ಹೋಗುತ್ತವೆ. ಅವರ ಸಾಮಾನಿನ ಗಂಟು ನೋಡಿದರೆ ಸಾಕು, ನಮ್ಮ ಹಿರಿಯರಿಗೆ ಪ್ರತಿಯೊಂದು ಯಾತ್ರೆಯೂ ಕ್ಯಾಂಪಿಂಗೇ ಆಗಿತ್ತೆಂದು ತಿಳಿಯುತ್ತದೆ. ಅವರು ಅದಕ್ಕೆ ಹೆಸರಿಟ್ಟಿರಲಿಲ್ಲ, ಅಷ್ಟೆ.

ಆದರೆ ಇದೆಲ್ಲ ಊರವರಿಗೆ ಕೊಡುವ ಉತ್ತರ. ನಿಜವಾದ ಕಾರಣ ನನ್ನ ಹೆಂಡತಿ ಗಿರಿಜೆ. ಅವಳು ಆಸ್ಪತ್ರೆಯಲ್ಲಿ ನರ್ಸು. ಅವಳ ಶಿಫ್ಟಿಗೂ ನನ್ನ ಶಾಲೆಯ ರಜೆಗೂ ಹುಟ್ಟಿನಿಂದ ಹಗೆ. ಮದುವೆಯಾಗಿ ಇಷ್ಟು ವರ್ಷವಾದರೂ ಯಾರದಾದರೂ ಮದುವೆಯೋ ನಾಮಕರಣವೋ ಇಲ್ಲದೆ ನಾವಿಬ್ಬರೇ ಎರಡು ದಿನ ಒಂದು ಕಡೆ ಸುಮ್ಮನೆ ಕೂತದ್ದಿಲ್ಲ. ಈ ಪೆಟ್ಟಿಗೆಯನ್ನು ಕಂಡಾಗ ನನಗೆ ಕಾಣಿಸಿದ್ದು ಡೇರೆಯಲ್ಲ, ಅದರ ಮುಂದೆ ಮಡಿಸುವ ಕುರ್ಚಿಯಲ್ಲಿ ಕಾಲು ಚಾಚಿ ಕೂತ ಗಿರಿಜೆ. ಅವಳು ಬರದಿದ್ದರೆ ಅದು ಬರೀ ತಗಡಿನ ಡಬ್ಬ.

ಮೊದಲ ಪ್ರವಾಸದ ಯೋಜನೆ ಸರಳವಾಗಿತ್ತು. ನಂಜನಗೂಡಿನಿಂದ ಹೊರಟು ತಿ. ನರಸೀಪುರ ಹಾದು, ಹೆಮ್ಮಿಗೆಯಲ್ಲಿ ಗಿರಿಜೆಯ ದೊಡ್ಡವ್ವನ ಹೊಲದ ಬದುವಿನಲ್ಲಿ ಒಂದು ರಾತ್ರಿ, ಮಾರನೆಯ ದಿನ ಬನ್ನೂರಿನ ಬಳಿ ಸಹೋದ್ಯೋಗಿಯೊಬ್ಬರ ತೋಟದಲ್ಲಿ ಇನ್ನೊಂದು ರಾತ್ರಿ. ಸಾಮಾನು ತುಂಬುವ ಕೆಲಸ ನಾನೇ ಹೊತ್ತುಕೊಂಡೆ. ತಪ್ಪಾದದ್ದು ಇಲ್ಲೇ. ಆ ತಪ್ಪು ವಿಜ್ಞಾನದ್ದಲ್ಲ, ಮಡಿಯದ್ದು.

ನಮ್ಮ ಮನೆಯಲ್ಲಿ ಅಕ್ಕಿ ಮತ್ತು ಚಪ್ಪಲಿ ಹತ್ತಿರ ಹತ್ತಿರ ಇರುವಂತಿಲ್ಲ. ನನ್ನ ತಾಯಿಯ ಕಾಲದಿಂದ ಬಂದ ಕಟ್ಟುನಿಟ್ಟು. ಬಸ್ಸಿನಲ್ಲಿ ಹೋಗುವಾಗಲೂ ಅಕ್ಕಿಯ ಚೀಲ ತೊಡೆಯ ಮೇಲೆ, ಚಪ್ಪಲಿ ಸೀಟಿನ ಕೆಳಗೆ. ಟ್ರೇಲರಿನ ಮುಂತುದಿಯಲ್ಲಿ ಗ್ರೀಸು, ಕೊಂಡಿ, ಸರಪಳಿ ಇರುವುದರಿಂದ ಅದೇ ಕೊಳಕು ಜಾಗವೆಂದು ನಾನು ತೀರ್ಮಾನಿಸಿದೆ. ಹಾಗಾಗಿ ಚಪ್ಪಲಿ, ಬೂಟು, ಹಾಸಿಗೆ, ಖಾಲಿ ಬಕೆಟ್ಟು ಎಲ್ಲ ಮುಂದಕ್ಕೆ. ಅಕ್ಕಿ, ಬೇಳೆ, ಎರಡು ಕ್ಯಾನು ನೀರು, ಪುಟ್ಟ ಗ್ಯಾಸ್ ಸಿಲಿಂಡರು, ಗಿರಿಜೆ ಬಿಟ್ಟು ಬರಲೊಪ್ಪದ ಒರಳುಕಲ್ಲು, ದೇವರ ಪಟ ಎಲ್ಲ ಗೌರವದಿಂದ ಹಿಂದಕ್ಕೆ. ಅಕ್ಕಿಗೂ ಚಪ್ಪಲಿಗೂ ನಡುವೆ ಒಂದು ಡೇರೆಯಷ್ಟು ಅಂತರ. ಗಿರಿಜೆ ಬಂದು ನೋಡಿ ತಲೆದೂಗಿದಳು. ನಾನು ಕಾರಿಗೆ ಸಿಕ್ಕಿಸುವ ಟ್ರೇಲರಿನ ಮೂತಿಯನ್ನು ಕಿರುಬೆರಳಲ್ಲಿ ಎತ್ತಿ ತೋರಿಸಿ, “ನೋಡು, ಹೂವಿನ ಹಾಗೆ ಏಳುತ್ತೆ. ಸಮತೋಲನ ಅಂದ್ರೆ ಇದು” ಎಂದು ಬೀಗಿದೆ. ಮೂತಿಯ ಭಾರವನ್ನು ತೂಗಿ ನೋಡಬೇಕೆಂದು ಕೈಪಿಡಿಯ ಒಂದು ತಲೆಬರಹವೇ ಹೇಳಿತ್ತು. ಅದಕ್ಕೆಂದು ಶಾಲೆಯ ಲ್ಯಾಬಿನಿಂದ ಹೇಳಿಕೇಳಿ ತಂದ ಸ್ಪ್ರಿಂಗ್ ತಕ್ಕಡಿ ಒರಳುಕಲ್ಲಿನ ಕೆಳಗೆಲ್ಲೋ ಸೇರಿಹೋಗಿತ್ತು. ವಿಜ್ಞಾನದ ಮೇಷ್ಟ್ರಿಗೆ ತಕ್ಕಡಿ ಯಾಕೆ, ಕಣ್ಣಳತೆ ಸಾಲದೇ ಎಂದುಕೊಂಡೆ.

ಸುತ್ತೂರಿನ ಕಡೆ ತಿರುಗುವ ದಾರಿ ದಾಟುವವರೆಗೂ ಕಣ್ಣಳತೆ ಸಾಕಾಯಿತು. ಆಮೇಲೊಂದು ಇಳಿಜಾರು ಬಂತು. ಕಾರು ಸ್ವಲ್ಪ ವೇಗ ಹಿಡಿಯಿತು. ಅಷ್ಟರಲ್ಲಿ ಬಸ್ಸೊಂದು ಹಾರನ್ ಹೊಡೆಯುತ್ತ ಪಕ್ಕದಲ್ಲೇ ನುಗ್ಗಿ ಮುಂದೆ ಹೋಯಿತು. ಅದರ ಗಾಳಿ ತಗುಲಿದ್ದೇ ತಡ, ಹಿಂದಿನ ಪೆಟ್ಟಿಗೆ ಎಡಕ್ಕೊಮ್ಮೆ ವಾಲಿತು, ಬಲಕ್ಕೊಮ್ಮೆ ವಾಲಿತು, ಮತ್ತೆ ಎಡಕ್ಕೆ ಇನ್ನೂ ಜೋರಾಗಿ. ಸ್ಟೀರಿಂಗ್ ನನ್ನ ಕೈಯಲ್ಲಿದ್ದರೂ ಕಾರು ನನ್ನ ಕೈಯಲ್ಲಿರಲಿಲ್ಲ. ಹೆದರಿ ಬ್ರೇಕು ಒತ್ತಿದೆ. ಒತ್ತಬಾರದಿತ್ತು. ಪೆಟ್ಟಿಗೆ ಕಾರನ್ನೇ ಅಡ್ಡಕ್ಕೆ ಎಳೆಯಿತು. ನೋಡಿದರೆ ನಾವು ನಾಲೆಯ ಏರಿಗೆ ಎರಡು ಮಾರು ದೂರದಲ್ಲಿ, ಹುಲ್ಲಿನ ಮೇಲೆ, ಬಂದ ದಾರಿಗೇ ಮುಖ ಮಾಡಿ ನಿಂತಿದ್ದೆವು. ಯಾರಿಗೂ ಏನೂ ಆಗಲಿಲ್ಲ. ನಾಲೆಯಲ್ಲಿ ನೀರು ಮಾತ್ರ ತುಂಬ ಹತ್ತಿರದಲ್ಲಿ ಹರಿಯುತ್ತಿತ್ತು.

ಗಿರಿಜೆ ಕೂಗಲಿಲ್ಲ, ಅಳಲಿಲ್ಲ. ಬಾಗಿಲು ತೆಗೆದು ಇಳಿದು, ಸೆರಗು ಸರಿಮಾಡಿಕೊಂಡು, ಮೊದಲು ನನ್ನ ಕತ್ತು, ಮಣಿಕಟ್ಟು ಮುಟ್ಟಿ ನೋಡಿದಳು. ಆಮೇಲೆ ಹೇಳಿದಳು. “ನಮ್ಮ ಕ್ಯಾಶುವಾಲ್ಟಿಗೆ ಇಂಥ ರಸ್ತೆಗಳಿಂದ್ಲೇ ರೀ ಜನ ಬರೋದು. ದಿನಾ ನೋಡ್ತೀನಿ. ಇದನ್ನ ಕಟ್ಕೊಂಡಿರೋ ಕಾರಲ್ಲಿ ನಾನು ಇನ್ನು ಕೂರಲ್ಲ.”

ಹೆದರಿದವರ ಮುಂದೆ ಮೇಷ್ಟ್ರಾದವನು ಏನು ಮಾಡುತ್ತಾನೆ? ಪಾಠ ಮಾಡುತ್ತಾನೆ. ನಾನು ಅಲ್ಲೇ ನಿಂತು ಗಾಳಿಯ ಒತ್ತಡ, ಇಳಿಜಾರಿನ ಕೋನ, ಬಸ್ಸಿನವನ ಅವಿವೇಕ ಎಲ್ಲವನ್ನೂ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಕೈ ಅಡ್ಡ ಹಾಕಿ ಮುಂದಿನ ಬಸ್ಸನ್ನು ನಿಲ್ಲಿಸಿ ಹತ್ತಿದಳು. ನಾನು ಎತ್ತಿನ ಗಾಡಿಯ ವೇಗದಲ್ಲಿ ಹೆಮ್ಮಿಗೆ ಸೇರುವ ಹೊತ್ತಿಗೆ ಅವಳು ದೊಡ್ಡವ್ವನ ಮನೆಯಲ್ಲಿ ಕಾಫಿ ಕುಡಿದು, ಇಡೀ ಕಥೆಯನ್ನು ಹೇಳಿ ಮುಗಿಸಿದ್ದಳು.

ದೊಡ್ಡವ್ವ ಎಂದರೆ ಚಿಕ್ಕತಾಯಮ್ಮ, ಗಿರಿಜೆಯ ತಾಯಿಯ ಅಕ್ಕ. ಎಪ್ಪತ್ತೈದು ದಾಟಿದೆ. ಮಗ, ಸೊಸೆ, ಮೊಮ್ಮಕ್ಕಳು, ನಾಲ್ಕು ಹಸು ಎಲ್ಲದರ ಮೇಲೂ ದನಿಯೇರಿಸದೆ ಯಜಮಾನಿಕೆ ನಡೆಸುವ ಹೆಂಗಸು. ಆಕೆಯ ಬಗ್ಗೆ ನನಗೆ ಅದುವರೆಗೆ ತಿಳಿದಿದ್ದದ್ದು ಒಳ್ಳೆಯ ಹುರುಳಿಕಾಳಿನ ಬಸ್ಸಾರು ಮಾಡುತ್ತಾರೆಂಬುದಷ್ಟೇ. ಒಬ್ಬರನ್ನು ವರ್ಷಗಟ್ಟಲೆ ಬರೀ ಸಾರಿನಿಂದ ಗುರುತಿಟ್ಟುಕೊಂಡಿದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಕಾರಿನಿಂದ ಬಿಚ್ಚಿ ಅಂಗಳದ ಹೊಂಗೆಮರದ ಕೆಳಗೆ ನಿಲ್ಲಿಸಿದ್ದ ಟ್ರೇಲರನ್ನು ಅವರು ಸಂತೆಯಲ್ಲಿ ಎತ್ತು ನೋಡುವ ಹಾಗೆ ಒಂದು ಸುತ್ತು ಬಂದು ನೋಡಿದರು. ಹಿಂಬದಿಯ ಮೇಲೆ ಒಂದೇ ಅಂಗೈ ಇಟ್ಟು ಒತ್ತಿದರು. ಮುಂದಿನ ಮೂತಿ ಸರಕ್ಕನೆ ಮೇಲೆದ್ದಿತು.

“ಇಂಬಾರ ಆಗ್ಬುಟ್ಟದೆ ಕಣ್ರೀ ಅಳಿಯಂದ್ರೇ” ಎಂದರು. “ಯಾರು ಸಾಮಾನ ಏರಿದ್ದು ಇದ್ಕೆ?”

“ನಾನೇ.”

“ನೀವು ಮೇಷ್ಟ್ರು ಅಲ್ವ?” ಎಂದಷ್ಟೇ ಕೇಳಿದರು.

ಹಿಂಭಾರ ಎಂದರೆ ಗಾಡಿಯ ಹಿಂದೆ ಭಾರ ಹೆಚ್ಚಾಗುವುದು, ಮುಂಭಾರ ಎಂದರೆ ಮುಂದೆ ಹೆಚ್ಚಾಗುವುದು. ಎರಡೂ ಪದಗಳನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ, ಪಾಠದಲ್ಲಿ ಒಮ್ಮೆಯೂ ಬಳಸಿರಲಿಲ್ಲ. ಸೋಲೊಪ್ಪದೆ ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ನನ್ನ ಹಳೆಯ ಗೆರೆ, ತ್ರಿಕೋನ ಬರೆದು, ಎರಡು ಕಡೆಯೂ ಸಮವಿರಬೇಕೆಂದು ವಾದಿಸಿದೆ. ಅವರು ಬಗ್ಗಿ ಚಿತ್ರವನ್ನು ಮರ್ಯಾದೆಯಿಂದಲೇ ನೋಡಿದರು.

“ನಿಂತಿರ ಗಾಡಿಗೆ ಸರಿ ಬುಡಿ ಇದು. ಓಡ ಗಾಡಿಗೆ?”

ಇಪ್ಪತ್ತಾರು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ. ನಾನು ಕಡ್ಡಿಯನ್ನು ಕೆಳಗೆ ಹಾಕಿದೆ.

ಆಗ ಅವರು ಹೇಳಿದ್ದು ಇದು. ಮದುವೆಯಾದ ಹೊಸತು. ಗಂಡನಿಗೆ ಜ್ವರ, ಕಡಿದ ಕಬ್ಬು ಹೊಲದಲ್ಲಿ ಒಣಗುತ್ತಿದೆ, ಆಲೆಮನೆಯಲ್ಲಿ ಸರದಿ ಬಂದಿದೆ. ಹತ್ತೊಂಬತ್ತರ ಹುಡುಗಿ ತಾನೇ ಹೇರಿಕೊಂಡು ಗಾಡಿ ಹೊಡೆದಿದ್ದಾಳೆ. ನಾಲೆಯ ಏರಿ ಹತ್ತುವಾಗ ಕಬ್ಬಿನ ಹೊರೆ ಹಿಂದಕ್ಕೆ ಜಾರಿ, ಗಾಡಿ ಹಿಂಭಾರವಾಗಿ, ನೊಗ ಮೇಲಕ್ಕೆದ್ದು, ಕೊರಳಿಗೆ ಕಟ್ಟಿದ ಹಗ್ಗದಲ್ಲಿ ಬಲಗಡೆಯ ಎತ್ತು ನೇತಾಡಿಬಿಟ್ಟಿದೆ. ಕಬ್ಬು ಕಡಿಯುವ ಮಚ್ಚಿನಿಂದ ಹಗ್ಗ ಕತ್ತರಿಸಿ ಎತ್ತನ್ನು ಉಳಿಸಿಕೊಂಡಿದ್ದಾಳೆ. ಎತ್ತು ಬದುಕಿತು. ಆದರೆ ಆಮೇಲೆ ನೊಗ ಕಂಡರೆ ಸಾಕು, ಅದರ ಮೈಯೆಲ್ಲ ನಡುಗುತ್ತಿತ್ತಂತೆ. ಬೈದರೂ ಬರಲಿಲ್ಲ, ಬೆಲ್ಲ ತಿನ್ನಿಸಿದರೂ ಬರಲಿಲ್ಲ.

“ಮತ್ತೆ ಏನ್ ಮಾಡುದ್ರಿ?” ಎಂದು ಕೇಳಿದಳು ಗಿರಿಜೆ. ಅವಳೂ ಈ ಕಥೆಯನ್ನು ಕೇಳುತ್ತಿದ್ದದ್ದು ಅದೇ ಮೊದಲು.

“ನಾನೇ ಕತ್ತು ಕೊಟ್ಟಿ ಕಣವ್ವ” ಎಂದರು.

ಕೊಟ್ಟಿಗೆಯ ಮುಂದೆ, ಆ ಎತ್ತಿನ ಕಣ್ಣೆದುರಿಗೇ, ನೊಗದ ಕೆಳಗೆ ತಾನು ನಿಂತು, ಗಂಡನ ಕೈಯಲ್ಲಿ ಒಂದೊಂದೇ ಹೊರೆ ಹೇರಿಸಿದರಂತೆ. ಹಿಂದಕ್ಕೆ ಇಟ್ಟರೆ ನೊಗ ಹಗುರಾಗಿ ಗಂಟಲಿಗೆ ಹಗ್ಗ ಬರುತ್ತದೆ. ಪೂರ್ತಿ ಮುಂದಕ್ಕೆ ಇಟ್ಟರೆ ಕತ್ತು ಮುರಿಯುವಷ್ಟು ಒತ್ತುತ್ತದೆ. ಚಕ್ರಗಳ ಅಚ್ಚಿನ ಮೇಲೆ, ಮುಂದಕ್ಕೆ ಒಂದೇ ಒಂದು ಚೂರು ವಾಲುವಂತೆ ಇಟ್ಟಾಗ ನೊಗ ಕತ್ತಿನ ಮೇಲೆ ಸುಮ್ಮನೆ ಕೂರುತ್ತದೆ. ದಿನಕ್ಕೆ ಎರಡು ಹೊತ್ತು, ಕತ್ತಿನ ಚರ್ಮ ಸುಲಿಯುವವರೆಗೆ, ಆ ಒಂದು ಚೂರು ಎಷ್ಟೆಂದು ಕಲಿತರಂತೆ. ಒಂದು ದಿನ ಎತ್ತು ತಾನಾಗಿಯೇ ಬಂದು ಪಕ್ಕದಲ್ಲಿ ನಿಂತಿತಂತೆ.

ನಾವು ಕಲಿಯುವುದಕ್ಕೆ ಪುಸ್ತಕ ತೆರೆಯುತ್ತೇವೆ, ಹೆಚ್ಚೆಂದರೆ ಪ್ರಯೋಗ ಮಾಡುತ್ತೇವೆ. ಎತ್ತಿಗೆ ಏನಾಗುತ್ತದೆಂದು ತಿಳಿಯಲು ಎತ್ತಿನ ಜಾಗದಲ್ಲಿ ಹೋಗಿ ನಿಂತವರನ್ನು ನಾನು ಕಂಡಿರಲಿಲ್ಲ. ಅವರ ಸೆರಗಿನ ಅಂಚಿನಲ್ಲಿ, ಕತ್ತಿನ ಹಿಂಭಾಗದಲ್ಲಿ, ಚರ್ಮ ಸ್ವಲ್ಪ ಕಪ್ಪಗೆ, ದಪ್ಪಗೆ ಇತ್ತು. ನಾನು ಬೇರೆ ಕಡೆ ನೋಡಿದೆ.

“ಎದ್ರುಕಂಡಿರ ಜೀವಕ್ಕೆ ಮಾತೇಳ್ಕಂಡು ಕೂತ್ರೆ ಏನ್ ಬಂತು ಅಳಿಯಂದ್ರೇ. ಭಾರ ಸರಿ ಮಾಡ್ಬೇಕು” ಎಂದರು ನನ್ನ ಕಡೆ ತಿರುಗಿ.

“ನನ್ನ ಎತ್ತು ಮಾಡ್ಬುಟ್ರಲ್ಲ ದೊಡ್ಡವ್ವ!” ಎಂದು ಗಿರಿಜೆ ಬೆಳಗಿನಿಂದ ಮೊದಲ ಬಾರಿಗೆ ನಕ್ಕಳು.

ನಾಲೆಯ ದಡದಲ್ಲಿ ನಾನು ಮಾಡಿದ್ದು ಅಷ್ಟೂ ಮಾತೇ ಎಂಬುದು ನನಗೆ ಹೊಳೆದದ್ದು ಆಗ.

ಮಿಕ್ಕ ಮಧ್ಯಾಹ್ನವೆಲ್ಲ ನಾನು ಕೂಲಿಯವನು, ಅವರು ಮೇಸ್ತ್ರಿ. ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡಿಸಿದರು. ಭಾರವಾದದ್ದೆಲ್ಲ ತಳಕ್ಕೆ, ಚಕ್ರಗಳ ನಡುವಿನ ಅಚ್ಚಿನ ನೇರಕ್ಕೆ. ನೀರಿನ ಕ್ಯಾನುಗಳು ಎಡಕ್ಕೊಂದು ಬಲಕ್ಕೊಂದು. ಸಿಲಿಂಡರಿನ ಬಾಯಿ ಮುಚ್ಚಿದೆಯೇ ಎಂದು ಎರಡು ಸಲ ನೋಡಿಸಿ, ನೆಟ್ಟಗೆ ನಿಲ್ಲಿಸಿ, ಅಲುಗದಂತೆ ಕಟ್ಟಿಸಿದರು. ಹಗುರಾದ ಹಾಸಿಗೆ, ಬಕೆಟ್ಟು ಮೇಲಕ್ಕೆ. ಕೊನೆಗೆ ಕೈಯಲ್ಲಿ ಉಳಿದದ್ದು ಚಪ್ಪಲಿಯ ಚೀಲ. ನಾನು ಅಳುಕುತ್ತ ನಮ್ಮ ಮನೆಯ ಕಟ್ಟುನಿಟ್ಟನ್ನು ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ.

“ಅಕ್ಕಿ ನಡುವೆ ಅದೆ. ಚಪ್ಲಿ ಕಟ್ಟಕಡೇಲಿ ಇಂದುಕ್ಕಾಕಿ. ದೂರ್ವಾಗಿದ್ರೆ ಸರಿ ತಾನೇ? ನಿಮ್ಮವ್ವ ಚಪ್ಲಿ ಮುಂದೆ ಓಗ್ಬೇಕು ಅಂದಿದ್ರಾ?”

ಅಂದಿರಲಿಲ್ಲ. ನನ್ನ ತಾಯಿಯ ಮಡಿಯೂ ಉಳಿಯಿತು, ಗಾಡಿಯೂ ನೆಟ್ಟಗಾಯಿತು. ಓದಿಕೊಂಡ ನನಗೆ ಎರಡನ್ನೂ ಉಳಿಸಬಹುದೆಂದು ಯಾಕೆ ಹೊಳೆಯಲಿಲ್ಲವೋ.

ಕಡೆಯ ಕೆಲಸವೇ ನನ್ನನ್ನು ದಂಗುಬಡಿಸಿದ್ದು. ಅವರು ಮೂತಿಯ ಕೊಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗೇಣು ಎತ್ತಿ, ಕಣ್ಣು ಮುಚ್ಚಿ, ಕತ್ತು ಸ್ವಲ್ಪ ಬಗ್ಗಿಸಿ ನಿಲ್ಲುತ್ತಿದ್ದರು. ಮತ್ತೆ ಇಳಿಸಿ, “ಒರಳ್ಕಲ್ಲು ನಾಕ್ ಬೆಟ್ಟು ಮುಂದುಕ್ಕೆ” ಎನ್ನುತ್ತಿದ್ದರು; ಬೆಟ್ಟೆಂದರೆ ಒಂದು ಬೆರಳಿನಗಲ. ಸರಿಸಿದೆ. ಮತ್ತೆ ಎತ್ತಿದರು. “ಎಚ್ಚಾಯ್ತು, ಎಲ್ಡು ಬೆಟ್ಟು ಇಂದುಕ್ಕೆ.” ಸರಿಸಿದೆ. ಮೂರನೆಯ ಸಲ ಎತ್ತಿದವರು ಹಾಗೇ ನಿಂತರು, ಕೊಟ್ಟಿಗೆಯ ಕಡೆಯಿಂದ ಯಾರೋ ಕರೆದದ್ದನ್ನು ಆಲಿಸುವ ಹಾಗೆ. “ಕೂತ್ಕತು” ಎಂದು ಇಳಿಸಿದರು.

ಒರಳುಕಲ್ಲಿನ ಕೆಳಗೆ ಸಿಕ್ಕಿದ್ದ ನನ್ನ ಸ್ಪ್ರಿಂಗ್ ತಕ್ಕಡಿಯನ್ನು ಹೊಂಗೆಯ ಕೊಂಬೆಗೆ ಹಗ್ಗದಿಂದ ತೂಗುಹಾಕಿ, ಕೊಂಡಿಯನ್ನು ಅದಕ್ಕೆ ಸಿಕ್ಕಿಸಿದೆ. ಕೈಪಿಡಿಯ ಏಳನೆಯ ಪುಟದಲ್ಲಿ ಎಂಜಿನಿಯರು ಇಷ್ಟಕ್ಕಿಂತ ಕಡಿಮೆ ಇರಬಾರದು, ಇಷ್ಟಕ್ಕಿಂತ ಹೆಚ್ಚಿರಬಾರದು ಎಂದು ಎರಡು ಅಂಕಿ ಬರೆದು ಕೆಂಪು ಗೆರೆ ಎಳೆದಿದ್ದರು. ಮುಳ್ಳು ಆ ಎರಡರ ನಟ್ಟನಡುವೆ ಬಂದು ನಿಂತಿತು. ಮತ್ತೆ ಬಿಚ್ಚಿ ತೂಗಿದೆ. ಮತ್ತೆ ಅಲ್ಲೇ. ನಾನು ನೋಡುತ್ತಿದ್ದದ್ದು ಮುಳ್ಳನ್ನಲ್ಲ. ಐವತ್ತೈದು ವರ್ಷಗಳಿಗೂ ಹಿಂದಿನ ಒಂದು ನೋವು ಈಗಲೂ ಒಂದು ಕೂದಲೆಳೆ ತಪ್ಪದೆ ಒಬ್ಬರ ಮೈಯಲ್ಲಿ ಉಳಿದಿರುವುದನ್ನು ನೋಡುತ್ತಿದ್ದೆ. ಇಂಥದ್ದರ ಮುಂದೆ ಕೈಮುಗಿಯಬೇಕೆನ್ನಿಸುತ್ತದೆ. ಮುಗಿದೆ ಕೂಡ. ಅವರು ಅದನ್ನು ನೋಡದೆ ಹಸುಗಳಿಗೆ ನೀರು ತೋರಿಸಲು ಹೋದರು.

ಹೋಗುವ ಮುಂಚೆ ಗಿರಿಜೆಗೆ ಒಂದು ಮಾತು ಹೇಳಿದ್ದರು. “ನೀನೂ ಎತ್ನೋಡು ಮಗ. ಅವ್ರು ಏಳಿದ್ದು ಕೇಳ್ಬ್ಯಾಡ, ನಾ ಏಳಿದ್ದೂ ಕೇಳ್ಬ್ಯಾಡ.”

ಗಿರಿಜೆ ಎತ್ತಿ ನೋಡಿದಳು. ರೋಗಿಗಳನ್ನು ಎತ್ತಿ ಮಲಗಿಸಿ ಪಳಗಿದ ಕೈ ಅದು. ಇಳಿಸಿದಳು. ಹಿಂಬದಿಗೆ ಹೋಗಿ ಒತ್ತಿದಳು, ಮೂತಿ ಏಳಲಿಲ್ಲ. ಆ ರಾತ್ರಿ ಡೇರೆ ಬಿಚ್ಚದೆ ದೊಡ್ಡವ್ವನ ಮನೆಯಲ್ಲೇ ಮಲಗಿದೆವು. ಮಾರನೆಯ ಬೆಳಗ್ಗೆ ಟ್ರೇಲರನ್ನು ಕಾರಿಗೆ ಸಿಕ್ಕಿಸಿದ ಮೇಲೆ ಕೊಂಡಿಯ ಚಿಲಕವನ್ನು ಎಳೆದು ನೋಡಿದಳು, ಸರಪಳಿ ಜಗ್ಗಿದಳು, ಚಕ್ರದ ಗಾಳಿ ಒತ್ತಿ ನೋಡಿದಳು, ನನ್ನಿಂದ ಬ್ರೇಕು ಒತ್ತಿಸಿ ಹಿಂದಿನ ಕೆಂಪು ದೀಪ ಉರಿಯುವುದನ್ನು ನೋಡಿದಳು. ಬನ್ನೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ದೊಡ್ಡವ್ವನ ಸೊಸೆಯನ್ನು ಕೇಳಿಯೂ ಇಟ್ಟುಕೊಂಡಿದ್ದಳು. ಬಸ್ಸು ಬಂದು, ನಿಂತು, ಹೋಯಿತು. ಅವಳು ಕಾರಿನ ಮುಂದಿನ ಬಾಗಿಲು ತೆಗೆದು ಕೂತಳು.

ಒಂದು ಮೈಲಿ ಹೋದ ಮೇಲೆ ದೊಡ್ಡವ್ವ ಅಪ್ಪಣೆ ಕೊಡಿಸಿದ್ದಂತೆ ನಿಲ್ಲಿಸಿ ಹಗ್ಗ ಬಿಗಿದೆ. ಹೇರಿದ ಸಾಮಾನು ದಾರಿಯಲ್ಲಿ ತಾನೇ ಜಾಗ ಮಾಡಿಕೊಂಡು ಕೂರುತ್ತದೆ, ಆಗ ಹಗ್ಗ ಸಡಿಲವಾಗುತ್ತದೆ ಎಂದಿದ್ದರು. ಸಡಿಲವಾಗಿಯೇ ಇತ್ತು. ಮತ್ತೆ ಹೊರಟೆವು. ಗದ್ದೆಗಳು ಬಂದವು, ಕಬ್ಬು ಬಂತು, ಎದುರಿಗೆ ಒಂದು ಲಾರಿ ಬಂದು ಭರ್ರೆಂದು ಪಕ್ಕದಲ್ಲಿ ಹಾದುಹೋಯಿತು. ಕಾರು ಒಮ್ಮೆ ಗಾಳಿಗೆ ಮೈ ಅಲುಗಿಸಿತು. ಹಿಂದಿನ ಪೆಟ್ಟಿಗೆ ಸುಮ್ಮನೆ ಹಿಂಬಾಲಿಸಿತು.

“ನೋಡಿದ್ಯಾ?” ಎಂದು ಕೇಳಲು ತಿರುಗಿದೆ. ಗಿರಿಜೆ ತಲೆಯನ್ನು ಸೀಟಿಗೆ ಆನಿಸಿ, ಬಾಯಿ ತುಸು ತೆರೆದು, ಗಾಢ ನಿದ್ದೆ ಮಾಡುತ್ತಿದ್ದಳು.

ಮದುವೆಯಾದಾಗಿನಿಂದ ಅವಳ ಬಾಯಿಂದ ನಾನು ಕೇಳಿದ ಹೊಗಳಿಕೆಗಳನ್ನೆಲ್ಲ ಕೂಡಿಸಿದರೂ ಇದಕ್ಕೆ ಸಮವಾಗದು. ಅದನ್ನು ತಾನು ಕೊಟ್ಟೆನೆಂದು ಅವಳಿಗೆ ಗೊತ್ತೂ ಇರಲಿಲ್ಲ. ಎಬ್ಬಿಸಿ ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಬನ್ನೂರಿನವರೆಗೂ ಒಂದೊಂದು ಹಂಪನ್ನೂ ನಿಧಾನಕ್ಕೆ ಹತ್ತಿಸಿ, ನಿಧಾನಕ್ಕೆ ಇಳಿಸಿ, ಆ ನಿದ್ದೆಯನ್ನು ಅಲುಗದ ಹಾಗೆ ಒಯ್ದೆ.